ಮೊದಲು ನೆಲ, ಆಮೇಲೆ ಯಂತ್ರ

ಊರು ಬಂಗಾರಪೇಟೆ, ಅಪ್ಪ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದವರು ಅಂದ ಕೂಡಲೇ ಮೆಲ್ಬರ್ನ್‌ನ ನನ್ನ ಆಫೀಸಿನವರು ಚಿನ್ನ ಹುಡುಕೋ ವಿದ್ಯೆ ನನಗೆ ರಕ್ತಗತವಾಗಿ ಬಂದಿದೆ ಅಂದುಕೊಳ್ಳುತ್ತಾರೆ. ಅಪ್ಪ ಅಲ್ಲಿನ ಗಣಿ ಕಂಪನಿ ಬಿಜಿಎಂಎಲ್‌ನ ವರ್ಕ್‌ಶಾಪಿನಲ್ಲಿ ಫಿಟ್ಟರ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ಅಲ್ಲೇ ದುಡಿದರು. ಕಲ್ಲಿನಲ್ಲಿ ಚಿನ್ನ ಬರಿಗಣ್ಣಿಗೆ ಕಂಡದ್ದೇ ಅಪರೂಪ ಅಂತ ಅವರೇ ಹೇಳುತ್ತಾರೆ. ಅಲ್ಲಿ ಚಿನ್ನ ಬೆಣಚುಕಲ್ಲಿನೊಳಗೆ ಕಣ್ಣಿಗೆ ಕಾಣದ ಹುಡಿಯಾಗಿ ಸೇರಿಕೊಂಡಿತ್ತು. ಕಲ್ಲನ್ನು ಹಿಟ್ಟು ಮಾಡಿ ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು. ಕೊನೆಗಾಲದಲ್ಲಿ ಟನ್‌ಗಟ್ಟಲೆ ಕಲ್ಲು ಅರೆದರೂ ಕೈಗೆ ಸಿಗುತ್ತಿದ್ದದ್ದು ಗ್ರಾಂ ಲೆಕ್ಕದಲ್ಲಿ. ಅಂಥ ಚಿನ್ನದ ಮುಂದೆ ಮೆಟಲ್ ಡಿಟೆಕ್ಟರ್ ಇಟ್ಟುಕೊಂಡು ನಿಂತರೆ ಏನೂ ಕೇಳಿಸುವುದಿಲ್ಲ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕಥೆ ಬೇರೆ. ಇಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ, ಕೆಲವು ಸಲ ಮೇಲ್ಮಣ್ಣಿನಲ್ಲೇ ಸಿಕ್ಕಿದೆ. 1869ರಲ್ಲಿ ಮೊಲಿಯಾಗಲ್ ಹತ್ತಿರ ಇಬ್ಬರು ಗಣಿಗಾರರಿಗೆ ಮರದ ಬೇರಿನ ಬಳಿ, ಅಂಗುಲದಷ್ಟು ಮಣ್ಣಿನಡಿ ಸಿಕ್ಕ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿ ಎಷ್ಟು ದೊಡ್ಡದಿತ್ತೆಂದರೆ ತೂಗುವ ಮುಂಚೆ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತು. 1980ರಲ್ಲಿ ಕಿಂಗೌವರ್‌ನಲ್ಲಿ ಸಿಕ್ಕ ‘ಹ್ಯಾಂಡ್ ಆಫ್ ಫೇತ್’ 27 ಕೆಜಿ. ಅದು ಸಿಕ್ಕಿದ್ದು ಮೆಟಲ್ ಡಿಟೆಕ್ಟರಿನಿಂದಲೇ. ಲಾಸ್ ವೇಗಾಸ್‌ನ ಕ್ಯಾಸಿನೋ ಒಂದು ಅದನ್ನು ಕೊಂಡುಕೊಂಡಿತು. ಇವೆಲ್ಲ ಹಳೇ ಕಥೆ ಅಂತ ನಾನೂ ಸುಮ್ಮನಿದ್ದೆ. 2023ರ ಮಾರ್ಚ್‌ನಲ್ಲಿ ಸುದ್ದಿ ಬಂತು: ಇದೇ ಪ್ರದೇಶದಲ್ಲಿ ಯಾರಿಗೋ 4.6 ಕೆಜಿ ಕಲ್ಲು ಸಿಕ್ಕಿದೆ, ಅದರಲ್ಲಿ 2.6 ಕೆಜಿ ಚಿನ್ನ, ಬೆಲೆ ಎರಡು ಲಕ್ಷದ ನಲವತ್ತು ಸಾವಿರ ಆಸ್ಟ್ರೇಲಿಯನ್ ಡಾಲರ್. ಹುಡುಕಿದ ಯಂತ್ರ ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. ಅದನ್ನು ಪತ್ರಿಕೆಗಳು ‘ಬಜೆಟ್ ಡಿಟೆಕ್ಟರ್’ ಅಂತ ಕರೆದಿದ್ದವು. ಬೆಲೆ ನೋಡಿದೆ, ಸಾವಿರ ಡಾಲರ್ ದಾಟಿತ್ತು. ಯಾರ ಬಜೆಟ್ಟೋ!

ಆದರೂ ಒಂದು ಡಿಟೆಕ್ಟರ್ ಕೊಳ್ಳುವ ಆಸೆ ಹತ್ತಿತು. ನಮ್ಮನೆ ಬಜೆಟ್ಟು ಆರುನೂರು ಡಾಲರ್. ಹೆಡ್‌ಫೋನು, ಸಲಿಕೆ, ಎಲ್ಲ ಸೇರಿ. ಇದು ಹೆಂಡತಿ ಹಾಕಿದ ಗೆರೆ, ನ್ಯಾಯವಾಗಿಯೇ ಇತ್ತು. ಹಿಂದಿನ ವರ್ಷ ಕೊಂಡ ಸೈಕಲ್ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿರುವುದು ಅವಳಿಗೂ ಕಾಣುತ್ತದಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಓದಿದ್ದೇ ಓದಿದ್ದು. ತಲೆ ಕೆಡಿಸುವುದು ಅಂಕಿಅಂಶಗಳು. ಯಂತ್ರದ ತುದಿಯ ತಟ್ಟೆಯೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್‌ನಲ್ಲಿ ದಿಕ್ಕು ಬದಲಿಸುತ್ತ ವಿದ್ಯುತ್ ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ, ಕೆಳಗೆ ಲೋಹವಿದ್ದರೆ ಅದರಲ್ಲಿ ಸುಳಿ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹದ ಸುಳಿವನ್ನು ಯಂತ್ರ ಕಿವಿಗೆ ಮುಟ್ಟಿಸುತ್ತದೆ. ಇಷ್ಟು ಪಿಯುಸಿ ಫಿಸಿಕ್ಸ್. ಆದರೆ ಎಷ್ಟು ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ, ಅನ್ನುವುದರ ಮೇಲೆ ಎಲ್ಲ ನಿಂತಿದೆ. 5ರಿಂದ 15 ಕಿಲೋಹರ್ಟ್ಜ್‌ನವು ನಾಣ್ಯಕ್ಕೆ ಒಳ್ಳೆಯವು. ಅಕ್ಕಿಕಾಳಿನಷ್ಟು ಚಿನ್ನ ಬೇಕಿದ್ದರೆ ಇನ್ನೂ ಮೇಲೆ ಹೋಗಬೇಕು. ಗೋಲ್ಡ್ ಮಾನ್‌ಸ್ಟರ್ 1000 ಅನ್ನುವುದು 45 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ಈ ಜಾತಿಯನ್ನೆಲ್ಲ ಒಟ್ಟಿಗೆ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಅನ್ನುತ್ತಾರೆ. ಅದರಾಚೆ, ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿತದ ಹಾಗೆ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು. ಚಿನ್ನದ ನಾಡಿನಲ್ಲಿ ಗಂಭೀರವಾಗಿ ಹುಡುಕುವವರ ಕೈಯಲ್ಲಿ ಕಾಣುವುದು ಹೆಚ್ಚಾಗಿ ಅವೇ. ಅಂಥದ್ದೊಂದು, ಜಿಪಿಎಕ್ಸ್ 6000ರ ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ನಾವು ಓಡಿಸುವ ಸೆಕೆಂಡ್‌ಹ್ಯಾಂಡ್ ಕಾರಿಗೆ ಅಷ್ಟು ಕೊಟ್ಟಿರಲಿಲ್ಲ.

ಅಪ್ಪನಿಗೆ ಫೋನಿನಲ್ಲಿ ವಿಷಯ ಹೇಳಿದೆ.

“ಎಷ್ಟು ಆಳದವರೆಗೆ ಕಾಣುತ್ತಪ್ಪಾ ಅದು?”

“ನಾಣ್ಯವಾದರೆ ಒಂದು ಗೇಣು ಅಪ್ಪಾ, ಹೆಚ್ಚೆಂದರೆ ಒಂದಡಿ.”

“ಒಂದಡೀನಾ? ನಾವು ಮೂರು ಕಿಲೋಮೀಟರ್ ಇಳಿದಿದ್ವಲ್ಲೋ!” ಅಂತ ನಕ್ಕು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಇಂಟರ್‌ನೆಟ್ಟಿನಲ್ಲಿ ನೂರು ಡಾಲರಿಗೂ ಡಿಟೆಕ್ಟರ್ ಸಿಗುತ್ತದೆ. ಕಂಪನಿ ಹೆಸರಿಲ್ಲ, ಕೆಟ್ಟರೆ ಕಾಯಿಲ್ ಸಿಗುವುದಿಲ್ಲ. ಅದಕ್ಕಿಂತ ಅಪಾಯದ್ದು ‘ಹತ್ತು ಮೀಟರ್ ಆಳದ ನಿಧಿ ತೋರಿಸುತ್ತದೆ’ ಅಂತ ಎರಡು ಕಡ್ಡಿ ಚಾಚಿಕೊಂಡ ಪೆಟ್ಟಿಗೆ. ನಮ್ಮೂರ ಕಡೆಯೂ ನಿಧಿ ಹುಚ್ಚಿನವರಿಗೆ ಇಂಥದ್ದನ್ನು ಲಕ್ಷಗಟ್ಟಲೆಗೆ ಮಾರುವವರಿದ್ದಾರೆ. ಒಳಗೆ ಏನೂ ಇರುವುದಿಲ್ಲ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯನ್ನೇ ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ 10 ವರ್ಷ ಜೈಲಾಯಿತು. ಅದೂ ಇದೇ ಜಾತಿಯ ಪೆಟ್ಟಿಗೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದು ಮಾತ್ರ ಕೆಟ್ಟ ಯೋಚನೆಯಲ್ಲ. ಕಾಯಿಲನ್ನು ಕೋಲಿಗೆ ಸೇರಿಸುವ ಕಿವಿ ಬಿರುಕು ಬಿಟ್ಟಿದೆಯಾ, ಕೇಬಲ್ ಅಲ್ಲಾಡಿಸಿದರೆ ಸುಮ್ಮಸುಮ್ಮನೆ ಕೂಗುತ್ತದಾ ಅಂತ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕು. ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ಮಾಲೂ ಓಡಾಡುತ್ತದೆ. ಹಾಗಾಗಿ ಮೊದಲ ಯಂತ್ರವನ್ನು ಅಂಗಡಿಯಲ್ಲೇ ಕೊಳ್ಳೋಣ ಅಂತ ತೀರ್ಮಾನ ಮಾಡಿದೆ.

ಒಂದು ಶನಿವಾರ ನಾನು, ಹೆಂಡತಿ, ಮಗಳು ಡಿಟೆಕ್ಟರ್ ಅಂಗಡಿಯಿರುವ ಮೇರಿಬರೋ ಕಡೆ ಹೊರಟೆವು. ಮನೆಯಿಂದ ಎರಡು ಗಂಟೆಯ ದಾರಿ. ಬುತ್ತಿಯಲ್ಲಿ ಚಿತ್ರಾನ್ನ. ಬಲ್ಲಾರಟ್ ದಾಟಿದ ಮೇಲೆ ಹಾದಿಬದಿಯ ಮಣ್ಣು ಕೆಂಪಾಗುತ್ತ ಬಂತು, ಎಲ್ಲೆಲ್ಲೂ ಬಿಳಿ ಬೆಣಚುಕಲ್ಲಿನ ಚೂರು. ಮೇಲಿನ ನೀಲಗಿರಿ ಮರಗಳನ್ನು ಬಿಟ್ಟರೆ, ಅಯ್ಯೋ, ನಮ್ಮ ಕೋಲಾರದ ನೆಲವೇ. ಅಥವಾ ನೀಲಗಿರಿಯನ್ನೂ ಬಿಡಬೇಕಿಲ್ಲ. ಕೋಲಾರಕ್ಕೆ ಆ ಮರ ಹೋದದ್ದೇ ಇಲ್ಲಿಂದ.

ಅಂಗಡಿ ಚಿಕ್ಕದು. ಯಜಮಾನರಿಗೆ ಎಪ್ಪತ್ತರ ಮೇಲೆ. ನಾನು ಬರೆದುಕೊಂಡು ಹೋಗಿದ್ದ ಮಾಡೆಲ್‌ಗಳ ಪಟ್ಟಿಯನ್ನು ಓದಲೇ ಇಲ್ಲ. ಮಡಚಿ ನನ್ನ ಕೈಗೇ ಕೊಟ್ಟು, “ಎಲ್ಲಿ ನಡೀತೀಯ?” ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವ ನೆಲ, ಕಾಡಾ, ಪಾರ್ಕಾ, ಸಮುದ್ರ ದಂಡೆಯಾ, ಅಂತ ಬಿಡಿಸಿ ಕೇಳಿದರು. ಚಿನ್ನ, ನಾಣ್ಯ, ಎರಡೂ ಅಂದೆ. ಅವರು ಉತ್ತರ ಕೊಡದೆ ಹಿಂದಿನ ಬಾಗಿಲು ತೆರೆದು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ಮರದ ಬೆಂಚು. ಒಂದೇ ಒಂದು ಮೊಳೆ ಇಲ್ಲದೆ, ಬರೀ ಗೂಟ ಬಡಿದು ಕೂಡಿಸಿದ್ದು. ಅದರ ಮೇಲೆ ಪ್ಲಾಸ್ಟಿಕ್ ತಟ್ಟೆಗಳು. ಒಂದರಲ್ಲಿ ಆ ಊರಿನ ಕೆಂಪು ಮಣ್ಣು, ಒಂದರಲ್ಲಿ ಒದ್ದೆ ಮರಳಿಗೆ ಉಪ್ಪುನೀರು ಹಾಕಿದ್ದು, ಇನ್ನೊಂದರಲ್ಲಿ ನೇರಳೆ ಹಣ್ಣಿನ ಗಾತ್ರದ ಕಪ್ಪು ಕಲ್ಲು. ಮತ್ತೊಂದರಲ್ಲಿ ಪೋಕರ್ ಆಟದ ಪ್ಲಾಸ್ಟಿಕ್ ಬಿಲ್ಲೆಗಳು, ಪ್ರತಿಯೊಂದರ ಮೇಲೂ ಒಂದೊಂದು ಚೂರು ಚಿನ್ನವನ್ನು ಗೋಂದಿನಿಂದ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ತೂಕ ಬರೆದಿತ್ತು. ಒಂದರ ಮೇಲೆ 0.1 ಗ್ರಾಂ. ಹೊಸ ಮೂಗುತಿಯ ಹರಳಿನಷ್ಟೂ ಇರಲಿಲ್ಲ.

ನಾಣ್ಯಕ್ಕೆಂದು ಮಾಡಿದ, ನನ್ನ ಬಜೆಟ್ಟಿನ ಯಂತ್ರವನ್ನು ಕೈಗೆ ಕೊಟ್ಟು ಆ ಬಿಲ್ಲೆಯ ಮೇಲೆ ಆಡಿಸು ಅಂದರು. ಆಡಿಸಿದೆ. ಸದ್ದಿಲ್ಲ. ಕಾಯಿಲ್ ತಾಗಿಸಿಯೇ ಆಡಿಸಿದೆ. ಆಗಲೂ ಇಲ್ಲ. ಆಮೇಲೆ 45 ಕಿಲೋಹರ್ಟ್ಜ್‌ನದ್ದನ್ನು ಕೊಟ್ಟರು, ಅದು ಇಲಿಮರಿಯ ಹಾಗೆ ಚಿಂಯ್ ಅಂದಿತು. ಮಗಳಿಗೆ ಖುಷಿಯೋ ಖುಷಿ. ಈಗ ಕಪ್ಪು ಕಲ್ಲಿನ ಸರದಿ. ಕಬ್ಬಿಣದಂಶ ತುಂಬಿದ ಈ ಕಲ್ಲಿಗೆ ಇಲ್ಲಿನವರು ಹಾಟ್ ರಾಕ್ ಅನ್ನುತ್ತಾರೆ. ಲೋಹವಲ್ಲ, ಆದರೂ ಎರಡೂ ಯಂತ್ರ ಕೂಗಿದವು. ಬರೀ ಕೆಂಪು ಮಣ್ಣಿನ ತಟ್ಟೆ ತೋರಿಸಿದರೂ ನಾಣ್ಯದ ಯಂತ್ರ ಗೊಣಗುಟ್ಟಿತು. ಮಣ್ಣಿನ ಸದ್ದು ತಗ್ಗಿಸಲು ಸೆನ್ಸಿಟಿವಿಟಿ ಇಳಿಸಿದೆ. ಮಣ್ಣೂ ಸುಮ್ಮನಾಯಿತು, ಅದರಡಿ ಹೂತಿಟ್ಟಿದ್ದ ಅರ್ಧ ಗ್ರಾಂ ಚಿನ್ನವೂ ಸುಮ್ಮನಾಯಿತು.

“ಈ ನೆಲ ದುಬಾರಿ,” ಅಂದರು ಯಜಮಾನರು. ಇಲ್ಲಿನ ಕಬ್ಬಿಣದ ಮಣ್ಣನ್ನು ಕಡೆಗಣಿಸಿ ಒಳಗಿರುವುದನ್ನು ಕೇಳುವ ಶಕ್ತಿಗೇ ಸಾವಿರಾರು ಡಾಲರ್ ಕೊಡುವುದು, ಉಳಿದದ್ದೆಲ್ಲ ಅಲಂಕಾರ. ಆಮೇಲೆ ಉಪ್ಪುನೀರಿನ ಮರಳಿನ ಮೇಲೆ ಅದೇ ನಾಣ್ಯದ ಯಂತ್ರ ಆಡಿಸಿದೆ. ಒಂದಕ್ಕಿಂತ ಹೆಚ್ಚು ಆವರ್ತನಗಳನ್ನು ಒಟ್ಟಿಗೇ ಬಿಡುವ ಯಂತ್ರ ಅದು. ಶಾಂತವಾಗಿತ್ತು. ಒಳಗೊಂದು ಎರಡು ಡಾಲರ್ ನಾಣ್ಯ ಹೂತಿದ್ದರು, ಗಂಟೆ ಹೊಡೆದಂತೆ ತೋರಿಸಿತು. ಒಂದೇ ಆವರ್ತನದ ಹಳೆಯ ಯಂತ್ರವನ್ನು ಪಕ್ಕಕ್ಕೆ ತಂದರೆ ಉಪ್ಪುನೀರಿಗೇ ಬೆಚ್ಚಿ ಬೆಚ್ಚಿ ಕೂಗುತ್ತಿತ್ತು. ಉಪ್ಪುನೀರಲ್ಲೂ ವಿದ್ಯುತ್ ಹರಿಯುತ್ತದೆ, ಯಂತ್ರಕ್ಕೆ ಅದೂ ಲೋಹದಂತೆಯೇ.

ನಾನಿನ್ನೂ ಸೆಕೆಂಡ್‌ಹ್ಯಾಂಡ್ ಗೋಲ್ಡ್ ಮಾನ್‌ಸ್ಟರ್ ಎಷ್ಟಕ್ಕೆ ಬರಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಹೆಂಡತಿ ಮೆಲ್ಲಗೆ, “ರೀ, ಇಷ್ಟು ದೂರ ನಾವು ತಿಂಗಳಿಗೆ ಎಷ್ಟು ಸಲ ಬರ್ತೀವಿ?” ಅಂದಳು. ನಮ್ಮ ಮನೆಯಿಂದ ಆಲ್ಟೋನಾ ಬೀಚ್ ಇಪ್ಪತ್ತು ನಿಮಿಷ. ಎಲ್ಲಿ ನಡೀತೀಯ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಅದಾದ ಮೇಲೆ ಯಂತ್ರ ಆರಿಸೋಕೆ ಐದು ನಿಮಿಷ ಸಾಕಾಯಿತು.

ಮೈನ್‌ಲ್ಯಾಬ್ ವ್ಯಾಂಕ್ವಿಶ್ 440. ನಾಲ್ಕು ಎಎ ಸೆಲ್ಲಿನಲ್ಲಿ ನಡೆಯುತ್ತದೆ, ಹಗುರ, ಕಾಯಿಲ್ ನೀರಿನಲ್ಲಿ ಮುಳುಗಿಸಬಹುದು, ಮೇಲಿನ ಪೆಟ್ಟಿಗೆ ಮಾತ್ರ ನೆನೆಯಬಾರದು. ಪೂರ್ತಿ ಮುಳುಗಿಸಬೇಕಿದ್ದರೆ ಟರ್ಕಿಯ ನೊಕ್ತಾ ಸಿಂಪ್ಲೆಕ್ಸ್ ಇದೆ, ಅದೂ ಒಳ್ಳೆಯದೇ ಅಂತ ಯಜಮಾನರು ತೋರಿಸಿದರು. ನನಗೆ ಈಜು ಬಾರದು, ಹಾಗಾಗಿ ಆ ಆಸೆ ಇಲ್ಲ. ಉಳಿದ ದುಡ್ಡಿನಲ್ಲಿ ತೂತುಗಳಿರುವ ಮರಳು ಜರಡಿ-ಸೌಟು ಕೊಂಡೆ. ಗುಂಡಿಯೊಳಗೆ ನಾಣ್ಯದ ಜಾಗ ತೋರಿಸುವ ಚಿಕ್ಕ ಪಿನ್‌ಪಾಯಿಂಟರ್ ಮರಳಿಗೆ ಅಷ್ಟೊಂದು ಬೇಕಿಲ್ಲ, ಹುಲ್ಲುನೆಲದಲ್ಲಿ ಅಗೆಯುವವರಿಗೆ ಬೇಕೇ ಬೇಕು ಅಂದರು. ಲಾಭ ಬಿಟ್ಟು ಸತ್ಯ ಹೇಳಿದ ವ್ಯಾಪಾರಿ. ಅಂಥವರ ಹತ್ತಿರ ಇನ್ನೂ ಏನಾದರೂ ಕೊಳ್ಳೋಣ ಅನ್ನಿಸುತ್ತದೆ, ಅದೇ ಅವರ ವ್ಯಾಪಾರವೋ ಏನೋ.

ಹಾಗೆ ಕೊಂಡದ್ದೇ ಮೈನರ್ಸ್ ರೈಟ್ ಅನ್ನುವ ಪರವಾನಗಿ. ವಿಕ್ಟೋರಿಯಾದಲ್ಲಿ ಚಿನ್ನ ಹುಡುಕಲು ಇದು ಕಡ್ಡಾಯ. ಊಟಕ್ಕೆ ಹೊರಗೆ ಹೋದರೆ ಆಗುವಷ್ಟೂ ಖರ್ಚಿಲ್ಲ, ಹತ್ತು ವರ್ಷ ನಡೆಯುತ್ತದೆ. ಇದರ ಹಿಂದೆ ರಕ್ತ ಹರಿದಿದೆ. 1851ರಲ್ಲಿ ಗಣಿಗಾರರು ಚಿನ್ನ ಸಿಗಲಿ ಬಿಡಲಿ ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಕಟ್ಟಬೇಕಿತ್ತು, ಪೊಲೀಸರು ಅಟ್ಟಾಡಿಸಿ ಹಿಡಿಯುತ್ತಿದ್ದರು. 1854ರ ಡಿಸೆಂಬರಿನಲ್ಲಿ ಬಲ್ಲಾರಟ್‌ನ ಯುರೇಕಾದಲ್ಲಿ ಬಂಡಾಯವೆದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಲೈಸೆನ್ಸ್ ಹೋಗಿ ವರ್ಷಕ್ಕೊಂದು ಪೌಂಡಿನ ಮೈನರ್ಸ್ ರೈಟ್ ಬಂತು. ಈಗಲೂ ಇದನ್ನು ಹಿಡಿದವನಿಗೆ ಸಿಕ್ಕ ಚಿನ್ನ ಅವನದ್ದೇ. ಕೈಯಿಂದ ಬಳಸುವ ಹಾರೆ, ಗುದ್ದಲಿ ಮಾತ್ರ ಉಪಯೋಗಿಸಬೇಕು, ತೋಡಿದ ಗುಂಡಿ ಮುಚ್ಚಬೇಕು, ನ್ಯಾಷನಲ್ ಪಾರ್ಕ್‌ಗಳಲ್ಲಿ ಬಹುಪಾಲು ಕಡೆ ಹುಡುಕುವಂತಿಲ್ಲ. ಚಿತ್ರಾನ್ನ ತಿಂದು ಕಾಡಿನಂಚಿನಲ್ಲಿ ಹೊಸ ಯಂತ್ರ ಆಡಿಸಿದೆ. ಬೇಟೆಗಾರರು ಬಿಟ್ಟ ಸೀಸದ ಚೂರು, ತಗಡು, ಮತ್ತೆ ಸೀಸ. ಮಗಳಿಗೆ ಬೇಜಾರಾಗಿ ಕಾಂಗರೂ ಎಣಿಸತೊಡಗಿದಳು.

ಕೌನ್ಸಿಲ್‌ನಲ್ಲಿ ವಿಚಾರಿಸಿಕೊಂಡು ಆಲ್ಟೋನಾದಲ್ಲಿ ಶುರು ಮಾಡಿದ ಮೇಲೆ ಯಂತ್ರದ ಗುಣ ತಿಳಿಯುತ್ತ ಬಂತು. ತೆರೆಯ ಮೇಲೆ ಒಂದು ಅಂಕೆ ಬರುತ್ತದೆ, ಲೋಹ ಯಾವುದಿರಬಹುದು ಅಂತ ಸೂಚನೆ. ಒಂದು, ಎರಡು ಡಾಲರ್ ನಾಣ್ಯಗಳು ತಾಮ್ರ ಹೆಚ್ಚಿರುವ ಮಿಶ್ರಲೋಹ, ಗಟ್ಟಿಯಾಗಿ ಕೂಗುತ್ತವೆ. ಇಪ್ಪತ್ತು ಸೆಂಟಿನದ್ದರಲ್ಲಿ ಕಾಲುಭಾಗ ನಿಕ್ಕಲ್, ಅದರ ಅಂಕೆ ಕೆಳಗಿಳಿದು ಕೋಕ್ ಡಬ್ಬಿ ತೆರೆಯಲು ಎಳೆಯುವ ರಿಂಗ್‌ಪುಲ್‌ನ ನೆರೆಗೆ ಬಂದು ನಿಲ್ಲುತ್ತದೆ. ಬಹಳಷ್ಟು ಚಿನ್ನದ ಉಂಗುರಗಳ ಅಂಕೆಯೂ ಅಲ್ಲೇ. ರಿಂಗ್‌ಪುಲ್ ಕಾಟ ಬೇಡ ಅಂತ ಆ ಅಂಕೆಗೆ ಯಂತ್ರ ಕೂಗದಂತೆ ಮಾಡಿಟ್ಟರೆ ಉಂಗುರವನ್ನೂ ಕಾಲಡಿಯಲ್ಲಿ ಬಿಟ್ಟು ಬಂದ ಹಾಗೆ. ಎರಡು ಸಾವಿರದ ಯಂತ್ರಕ್ಕೂ ಈ ವಿಷಯದಲ್ಲಿ ದಾರಿಯಿಲ್ಲ, ಬಗ್ಗಿ ತೋಡಬೇಕು. ನನ್ನ ಡಬ್ಬಿಯಲ್ಲಿ ರಿಂಗ್‌ಪುಲ್ ರಾಶಿ ಬಿದ್ದಿದೆ. ಒಂದು ಬೆಳ್ಳಿ ಉಂಗುರ, ಮೀನು ಗಾಳದ ಸೀಸದ ಗುಂಡುಗಳು, ಪಾರ್ಕಿಂಗ್‌ಗೆ ಸಾಕಾಗುವಷ್ಟು ಚಿಲ್ಲರೆ.

ಕಬ್ಬಿಣಕ್ಕೂ ಕೂಗುವ ಆಲ್ ಮೆಟಲ್ ಮೋಡಿನಲ್ಲಿ ಒಂದು ಬೆಳಗ್ಗೆ ತುಕ್ಕು ತಿಂದ ಬೋಲ್ಟ್ ಸಿಕ್ಕಿತ್ತು. ಎಸೆಯುವ ಮುಂಚೆ ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. “ಸ್ಕೇಲ್ ಇಟ್ಟು ಮರೆ (ಥ್ರೆಡ್) ಎಣಿಸು,” ಅಂದರು. ಇಂಚಿಗೆ ಹನ್ನೆರಡು ಮರೆ ಬಂತು. “ಅರ್ಧ ಇಂಚಿನ ವಿಟ್‌ವರ್ತ್ ಕಣೋ ಅದು, ಹಳೇ ಬ್ರಿಟಿಷ್ ಅಳತೆ! ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲ ಅದೇ.” ಉಂಗುರ ತೋರಿಸಿದಾಗ ಇಷ್ಟು ಮಾತಾಡಿರಲಿಲ್ಲ.

ಮೈನರ್ಸ್ ರೈಟ್ ಕಾರ್ಡ್ ಪರ್ಸಿನಲ್ಲಿದೆ. ಪಲ್ಸ್ ಯಂತ್ರವನ್ನು ದಿನದ ಬಾಡಿಗೆಗೆ ಕೊಡುತ್ತಾರೆ, ಮುಂದಿನ ಚಳಿಗಾಲದಲ್ಲಿ ಒಂದು ದಿನ ತೆಗೆದುಕೊಂಡು ಮೇರಿಬರೋ ಹತ್ತಿರದ ಡನೋಲಿ ಕಡೆ ಹೋಗಬೇಕು ಅಂತಿದ್ದೇನೆ. ಬೇಸಿಗೆ ಶುರುವಾದ ಮೇಲೆ ಬರಬೇಡ, ಹಾವು ಜಾಸ್ತಿ, ಹೆಡ್‌ಫೋನ್ ಹಾಕಿಕೊಂಡವನಿಗೆ ಬುಸುಗುಟ್ಟುವುದು ಕೇಳಿಸುವುದಿಲ್ಲ ಅಂತ ಯಜಮಾನರು ಆಗಲೇ ಹೇಳಿ ಕಳಿಸಿದ್ದಾರೆ.