ಅಂಟಿಗೆ ಹಾಕಿದ ಚಿಟಿಕೆ ತುತ್ತ

ಹೋದ ಸಲ ಊರಿಗೆ ಹೋದಾಗ ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ಎತ್ತಿಕೊಂಡು ಬಂದೆ. ಹಳೇ ಕಾಗದ ರಿಪೇರಿ ಮಾಡೋದೇ ನನ್ನ ಕೆಲಸ, ಆದರೂ ಮನೆಯದನ್ನು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಹರಿದಲ್ಲೆಲ್ಲ ತೆಳು ಕಾಗದದ ಪಟ್ಟಿ ಅಂಟಿಸಿದ್ದಾರೆ. ಪಟ್ಟಿ ಇವತ್ತಿಗೂ ಗಟ್ಟಿ. ಆದರೆ ಅದರ ಅಂಚಿನುದ್ದಕ್ಕೂ ಹಾಳೆ ಕಾಫಿ ಬಣ್ಣಕ್ಕೆ ತಿರುಗಿದೆ, ಸ್ವಲ್ಪ ಬಗ್ಗಿಸಿದರೆ ಹಪ್ಪಳದ ಹಾಗೆ ಚಟ್ ಅನ್ನುತ್ತದೆ.

ಅಮ್ಮನಿಗೆ ಫೋನ್ ಮಾಡಿದೆ. "ಬೈಂಡಿಂಗಿನವರು ಮನೆಗೇ ಬರ್ತಿದ್ರು ಕಣೇ. ಮೈದಾ ಅಂಟಿಗೆ ಒಂದು ಚಿಟಿಕೆ ತುತ್ತ ನಿನ್ನಜ್ಜನೇ ಕೊಡ್ತಿದ್ರು" ಅಂದಳು.

ಕೊಡದೇ ಇರ್ತಾರಾ! ತೋಟದ ಮನೆಯಲ್ಲಿ ಮೈಲುತುತ್ತಕ್ಕೆ, ಅಂದರೆ ತಾಮ್ರದ ಆ ನೀಲಿ ಲವಣಕ್ಕೆ, ಬರವಾ? ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ. ಅಂಟಿನಲ್ಲಿ ಬೂಷ್ಟು ಬರಬಾರದು, ಜಿರಲೆ ತಿನ್ನಬಾರದು ಅಂತ ಅದರಲ್ಲೇ ಒಂದು ಚೂರು. ಆದರೆ ತೋಟಕ್ಕೆ ಹೊಡೆಯೋ ಆ ಬೋರ್ಡೋ ದ್ರಾವಣದಲ್ಲಿ ಸುಣ್ಣ ಇರುತ್ತದೆ, ಅಡಿಕೆ ಗೊನೆ ಮೇಲೆ ಹೊಡೆದದ್ದನ್ನು ಮಳೆ ತೊಳೆಯುತ್ತದೆ. ಅಂಟಿನಲ್ಲಿ ಹುಳಿ ಸ್ವಭಾವದ ತುತ್ತ ಮಾತ್ರ, ತೊಳೆಯೋರೂ ಇಲ್ಲ. ಕಾಗದದ ನಾರು ಗಾಳಿಗೆ ಹಾಳಾಗೋದನ್ನು ತಾಮ್ರ ಜೋರು ಮಾಡುತ್ತದೆ, ತಾನು ಮಾತ್ರ ಖರ್ಚಾಗೋದಿಲ್ಲ. ಬೂಷ್ಟು ಬರಲಿಲ್ಲ ನಿಜ.

ಬೂಷ್ಟು ತಡೆಯೋಕೆ ಬಳಸುತ್ತಿದ್ದ ಥೈಮಾಲ್ ಕಥೆಯೂ ಹೆಚ್ಚುಕಮ್ಮಿ ಹೀಗೇ. ಓಮಕ್ಕೆ ಆ ಘಾಟು ಬರೋದು ಅದರಿಂದಲೇ. 1966ರಲ್ಲಿ ಆರ್ನೋ ನದಿ ಇಟಲಿಯ ಫ್ಲಾರೆನ್ಸ್‌ಗೆ ನುಗ್ಗಿದಾಗ ಒದ್ದೆ ಪುಸ್ತಕಗಳಿಗೆ ಧಾರಾಳವಾಗಿ ಬಳಸಿದರು. ಅಂಟಿಗೂ ಹಾಕುತ್ತಿದ್ದರು. ಅದು ಆವಿಯಾಗಿ ಹೋದ ಮೇಲೆ ಕಾವಲೂ ಹೋಯಿತು, ಬೆಳಕಿಗೆ ಕಾಗದ ಹಳದಿಯಾಗೋದು ಬೇರೆ. ಪಾದರಸದ ಲವಣ ಬೆರೆಸಿದವರೂ ಇದ್ದರು. ಅಂಥ ಪುಸ್ತಕ ಮುಟ್ಟೋಕೆ ನನಗೆ ಭಯ.

ಹಾಗಾಗಿ ನನ್ನ ಅಂಟಿಗೆ ಏನೂ ಹಾಕೋದಿಲ್ಲ. ಮೈದಾ ಕಲಸಿ, ಉಂಡೆಯನ್ನು ನೀರಿನಲ್ಲಿ ಹಿಸುಕುತ್ತಾ ಹೋಗುತ್ತೇನೆ. ಗೋಧಿ ಹಾಲು ತೆಗೆದು ಹಲ್ವ ಮಾಡಿದವರಿಗೆ ಇದು ಗೊತ್ತು. ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ, ಅದು ಬೇಡ. ಪಾತ್ರೆ ತಳದಲ್ಲಿ ಬಿಳೀ ಪಿಷ್ಟ ಕೂರುತ್ತದೆ, ಅದು ಬೇಕು. ಒಂದು ಭಾಗಕ್ಕೆ ನಾಲ್ಕೈದು ಭಾಗ ನೀರು, ಸಣ್ಣ ಉರಿ, ಅರ್ಧ ಗಂಟೆ ಕೈಬಿಡದೆ ತಿರುವೋದು. ಹಾಲಿನಂತಿದ್ದದ್ದು ಗಾಜಿನಂತಾದಾಗ ಇಳಿಸಿ, ಆರಿಸಿ, ಜರಡಿಯಲ್ಲಿ ಎರಡು ಸಲ ಒತ್ತುತ್ತೇನೆ. ಫ್ರಿಜ್ಜಿನಲ್ಲಿ ಮೂರು ದಿನ, ಆಮೇಲೆ ಕಸಕ್ಕೆ. ಮೂಗಿಗೆ ಸ್ವಲ್ಪ ಹುಳಿ ಬಡಿದರೆ ಇನ್ನೂ ಮುಂಚೆಯೇ. ಜಪಾನಿನಲ್ಲಿ ಇದೇ ಅಂಟನ್ನು ಜಾಡಿಯಲ್ಲಿ ಹತ್ತು ವರ್ಷ ಇಟ್ಟು, ಮೇಲೆ ಬಂದ ಬೂಷ್ಟು ತೆಗೆದು, ಸುರುಳಿ ಚಿತ್ರಗಳಿಗೆ ಬಳಸುತ್ತಾರೆ. ಅಂಟು ಬಲ ಕಳೆದುಕೊಂಡು ಮೆತ್ತಗಾಗಲಿ ಅಂತಲೇ! ನನಗೆ ಅಷ್ಟು ತಾಳ್ಮೆ ಇಲ್ಲ.

ವಿಷ ಹಾಕದ ಅಂಟಿಗೆ ಆಮೇಲೆ ಬೂಷ್ಟು ಹಿಡಿಯೋದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೋಣೆಯ ತೇವಾಂಶ 65 ಶೇಕಡಾ ದಾಟದಿದ್ದರೆ ಸಾಮಾನ್ಯವಾಗಿ ಇಲ್ಲ. ಊರಿನ ಆಷಾಢದಲ್ಲಿ ಆ ಮಾತು ನಡೆಯೋದಿಲ್ಲ, ಅಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ತೀರಾ ಅವಸರ ಇದ್ದರೆ ಮೀಥೈಲ್ ಸೆಲ್ಯುಲೋಸ್ ಅನ್ನೋ ಬೇರೆ ಅಂಟು ಹಚ್ಚುತ್ತೇನೆ, ಬೂಷ್ಟಿಗೆ ಅದು ಅಷ್ಟು ರುಚಿಸೋದಿಲ್ಲ. ಇಲ್ಲದಿದ್ದರೆ ದೀಪಾವಳಿ ಕಳೆಯಲಿ ಅಂತ ಕಾಯೋದು.

ಅಜ್ಜನ ಪುಸ್ತಕದ ಪಟ್ಟಿಗಳನ್ನು ಇನ್ನೂ ಬಿಡಿಸಿಲ್ಲ. ಬಿಡಿಸೋಕೆ ತೇವ ಮಾಡಬೇಕು, ತೇವ ತಾಗಿದರೆ ತಾಮ್ರ ಒಳ್ಳೇ ಹಾಳೆಗೂ ಹರಿಯುತ್ತದೆ. ಸದ್ಯಕ್ಕೆ ಪ್ರತಿ ಹಾಳೆ ನಡುವೆ ಒಂದು ಬಿಳಿ ಕಾಗದ ಇಟ್ಟು, ಸುಮ್ನೆ ಮುಚ್ಚಿಟ್ಟಿದ್ದೇನೆ.