ಆ ಮುಖಗಳನ್ನು ಯಾಕೆ ಕೂಡಿಡ್ತೀರಿ ಅಂತ ಕೇಳುವವರಿಗೆ

ನಮ್ಮ ಮನೆಗೆ ಮೊದಲ ಸಲ ಬಂದವರು ಕಾಫಿ ಲೋಟ ಕೈಗೆ ತಗೊಳ್ಳುವ ಮೊದಲೇ ಕೇಳುತ್ತಾರೆ: "ಇದೆಲ್ಲ ಎಂತದು? ದೆವ್ವದ ಮುಖಗಳನ್ನು ಯಾಕೆ ತಂದಿಟ್ಟುಕೊಂಡಿದ್ದೀರಿ?" ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು: "ಒಂದೊಂದಕ್ಕೆ ಎಷ್ಟಾಯ್ತು?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಬಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಕೂಡಿಡುವುದು ಹಳೆಯ ಲ್ಯಾಟೆಕ್ಸ್ ಮುಖವಾಡಗಳು. ಅಂದರೆ ರಬ್ಬರ್ ಹಾಲಿನಿಂದ ಮಾಡಿದವು, ತಲೆ ಪೂರ್ತಿ ಮುಚ್ಚುವಂಥವು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದ ಹಳೆಯ ಹಾರರ್ ಸಿನಿಮಾಗಳಲ್ಲಿ ಬರುವ ಮುಖಗಳು. 1931ರ ಫ್ರಾಂಕನ್‌ಸ್ಟೈನ್, 1932ರ ಮಮ್ಮಿ, 1941ರ ತೋಳಮನುಷ್ಯ, 1954ರ ಕಪ್ಪು ಕೊಳದ ಮೀನುಮನುಷ್ಯ. ನನಗೆ ಬೇಕಾಗಿರುವುದು ಮುಖ್ಯವಾಗಿ 1960 ಮತ್ತು 70ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಾದವು.

ಬೇಗ ಮುಗಿಸಬಹುದಾದ ಉತ್ತರಗಳನ್ನು ಮೊದಲು ಹೇಳುತ್ತೇನೆ. ಇಲ್ಲ, ಇವು ದೆವ್ವಗಳಲ್ಲ. ಇಲ್ಲ, ನಾನು ಹಾಕಿಕೊಳ್ಳುವುದಿಲ್ಲ. ಇಲ್ಲ, ಮಕ್ಕಳು ಹೆದರುವುದಿಲ್ಲ, ಹೆದರುವುದು ಅವರ ಅಪ್ಪಂದಿರು. ಎಷ್ಟಾಯ್ತು ಅಂತ ಹೇಳುವುದಿಲ್ಲ. ನಿಮ್ಮ ಕಾರಿಗೆ ಎಷ್ಟಾಯ್ತು ಅಂತ ನಾನು ಕೇಳಿಲ್ಲ, ಅಲ್ವಾ? ಹೆಂಗಸಾಗಿ ನಿಮಗೆ ಯಾಕೆ ಈ ಹುಚ್ಚು ಅನ್ನುವವರಿಗೆ ಉತ್ತರವೇ ಇಲ್ಲ. ಊರಿಂದ ದೊಡ್ಡಮ್ಮ ವಿಡಿಯೋ ಕಾಲ್‌ನಲ್ಲಿ "ಎಂತ ಮಾರಾಯ್ತಿ ಅದು, ದೇವರ ಕೋಣೆಯಿಂದ ದೂರ ಇಡು" ಅಂದಿದ್ದರು. ದೂರವೇ ಇಟ್ಟಿದ್ದೇನೆ. ದೊಡ್ಡಮ್ಮನ ಮಾತು ನನಗೆ ಬೇಜಾರಾಗಲಿಲ್ಲ. ಅವರು ಹೆದರಿ ಹೇಳಿದ್ದು.

ಬೇಜಾರಾದದ್ದು ಒಂದು ದೀಪಾವಳಿಯಂದು. ಮನೆ ತುಂಬ ಜನ. ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಬಂದು ನೋಡಿದರೆ ಪರಿಚಯದವರೊಬ್ಬರು ಕಪಾಟಿನಿಂದ ತೋಳಮನುಷ್ಯನನ್ನು ಇಳಿಸಿ, ಎಣ್ಣೆ ಹಚ್ಚಿ ಬಾಚಿದ ತಲೆಗೆ ಎಳೆದುಕೊಂಡು ಸೆಲ್ಫಿ ತೆಗೆಯುತ್ತಿದ್ದಾರೆ. ನಾನು ಕೂಗುವಷ್ಟರಲ್ಲಿ ಕುತ್ತಿಗೆಯಿಂದ ಕಿವಿಯವರೆಗೆ ಸೀಳಿತು. ಅವರು ಪಾಪ, ಕ್ಷಮೆ ಕೇಳಿದರು. ಜೊತೆಗೇ ಇನ್ನೊಂದು ಮಾತೂ ಹೇಳಿದರು: "ರಬ್ಬರ್ ತಾನೇ, ಇನ್ನೊಂದು ತರಿಸಿದರಾಯ್ತು ಬಿಡಿ."

ಸೀಳಿದ್ದಕ್ಕಿಂತ ಆ ಮಾತೇ ಜಾಸ್ತಿ ನೋಯಿಸಿತು. ಸೀಳನ್ನು ಒಳಗಿನಿಂದ ತೆಳು ಬಟ್ಟೆ ಇಟ್ಟು, ಹೊಸ ಲ್ಯಾಟೆಕ್ಸ್ ಸವರಿ, ನಿಧಾನವಾಗಿ ಸರಿ ಮಾಡಿದೆ. ಆ ಮಾತಿಗೆ ಉತ್ತರ ಕೊಡಲು ಅವತ್ತು ಆಗಲಿಲ್ಲ. ಈಗ ಕೊಡುತ್ತೇನೆ.

ರಬ್ಬರ್ ತಾನೇ ಅಂತ ನನಗೆ ಹೇಳಬೇಡಿ. ನಾನು ಸುಳ್ಯದ ಕಡೆಯವಳು. ಬೆಳಗ್ಗೆ ಬೆಳಕು ಹರಿಯುವ ಮೊದಲು ಮರ ಗೀರುವ ಟ್ಯಾಪಿಂಗ್ ಕತ್ತಿ ಹಿಡಿದು ರಬ್ಬರ್ ತೋಟಕ್ಕೆ ಹೋಗುವವರನ್ನು ನೋಡುತ್ತಾ ಬೆಳೆದವಳು. ಗೆರಟೆಗೆ ತೊಟ್ಟು ತೊಟ್ಟಾಗಿ ಬೀಳುವ ಹಾಲು ಎಂತದು ಅಂತ ಗೊತ್ತು. ಊರಲ್ಲಿ ಆ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ ಶೀಟ್ ಮಾಡಿ, ಹೊಗೆಯಲ್ಲಿ ಒಣಗಿಸುತ್ತಾರೆ. ಮುಖವಾಡಕ್ಕೆ ಇದರ ಉಲ್ಟಾ. ಹಾಲು ಹೆಪ್ಪುಗಟ್ಟದೆ ಉಳಿಯಲಿ ಅಂತ ಅಮೋನಿಯ ಹಾಕಿ ಇಡುತ್ತಾರೆ. ಡಬ್ಬದ ಮುಚ್ಚಳ ತೆಗೆದರೆ ಆ ಘಾಟು ಮೂಗಿಗೆ ಹೊಡೆಯುತ್ತದೆ.

ಮುಖವಾಡ ಶುರುವಾಗುವುದು ಜೇಡಿಮಣ್ಣಿನಲ್ಲಿ. ಶಿಲ್ಪಿ ಮಣ್ಣಿನಲ್ಲಿ ಪೂರ್ತಿ ತಲೆ ಮಾಡುತ್ತಾನೆ, ಸುಕ್ಕು, ಗಾಯದ ಗುರುತು, ಚರ್ಮದ ರಂಧ್ರಗಳ ಸಮೇತ. ಅದರ ಮೇಲೆ ಪ್ಲಾಸ್ಟರ್ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಲ್ಯಾಟೆಕ್ಸ್ ಸುರಿದರೆ ಪ್ಲಾಸ್ಟರ್ ಅದರ ನೀರನ್ನು ಹೀರುತ್ತದೆ. ಗೋಡೆಗೆ ಅಂಟಿ ಒಂದು ಪದರ ಕಟ್ಟುತ್ತದೆ. ಮಿಕ್ಕಿದ್ದನ್ನು ಹೊರಗೆ ಚೆಲ್ಲಿ, ಒಣಗಿಸಿ, ಸುಲಿದು ತೆಗೆಯುತ್ತಾರೆ. ಆಮೇಲೆ ಅಂಚು ಕತ್ತರಿಸಬೇಕು, ಕಣ್ಣಿನ ತೂತು ಕೊರೆಯಬೇಕು, ಬಣ್ಣ ಹಚ್ಚಬೇಕು, ಕೂದಲು ಅಂಟಿಸಬೇಕು. ಎಲ್ಲ ಕೈಕೆಲಸ. ಹಾಗಾಗಿ ಒಂದೇ ಅಚ್ಚಿನ ಎರಡು ಮುಖವಾಡಗಳು ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಸ್ವಭಾವದವರ ಹಾಗೆ ಕಾಣುತ್ತವೆ.

ಇನ್ನೊಂದು ತರಿಸಿದರಾಯ್ತು ಅನ್ನುವವರು ಇದನ್ನು ಕೇಳಿಸಿಕೊಳ್ಳಿ. ಪ್ಲಾಸ್ಟರ್ ಅಚ್ಚು ಸವೆಯುತ್ತದೆ. ಮೊದಲು ತೆಗೆದವುಗಳಲ್ಲಿ ಇರುವ ಸೂಕ್ಷ್ಮ ಗೆರೆಗಳು ಕೊನೆಯವುಗಳಲ್ಲಿ ಇರುವುದಿಲ್ಲ. ಹಳೆಯ ಮುಖವಾಡದ ಮೇಲೆ ಮತ್ತೆ ಅಚ್ಚು ತೆಗೆದು ನಕಲು ಮಾಡುವವರಿದ್ದಾರೆ. ಅದಕ್ಕೆ ರೀಕ್ಯಾಸ್ಟ್ ಅನ್ನುತ್ತೇವೆ. ಲ್ಯಾಟೆಕ್ಸ್ ಒಣಗುವಾಗ ಕುಗ್ಗುತ್ತದೆ, ಅದಕ್ಕೇ ನಕಲು ಅಸಲಿಗಿಂತ ಚಿಕ್ಕದಾಗಿರುತ್ತದೆ. ಅಸಲಿಯೂ ದಿನದಿನಕ್ಕೆ ಸಾಯುತ್ತಿರುತ್ತದೆ. ಬಿಸಿಲು, ಸೆಕೆ, ಓಝೋನ್, ಎಣ್ಣೆ, ತಾಮ್ರ, ಎಲ್ಲವೂ ಅದಕ್ಕೆ ಶತ್ರುಗಳೇ. ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ನಮ್ಮ ಮನೆಯ ಆ ಕೋಣೆಯ ಪರದೆ ಯಾವಾಗಲೂ ಯಾಕೆ ಮುಚ್ಚಿರುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಇವು ಮುಂದಿನ ತಲೆಮಾರಿನ ತನಕ ಉಳಿಯಬೇಕಾದರೆ ಯಾರಾದರೂ ಕತ್ತಲಲ್ಲಿ, ತಂಪಲ್ಲಿ, ಒಳಗೆ ಆಸರೆ ಕೊಟ್ಟು ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿದ್ದೇನೆ.

ನಿಜ ಹೇಳಬೇಕಂದ್ರೆ, ಯಾಕೆ ಮತ್ತು ಎಷ್ಟು ಅನ್ನುವ ಈ ಎರಡು ಪ್ರಶ್ನೆಗಳ ಬದಲು ನನ್ನನ್ನು ಬೇರೊಂದು ಕೇಳಬೇಕಿತ್ತು. ಇದನ್ನು ಮಾಡಿದ್ದು ಯಾರು?

ಕೇಳಿದ್ದರೆ ನಾನು ಫ್ರಾಂಕನ್‌ಸ್ಟೈನ್‌ನ ಮುಂದೆ ನಿಲ್ಲಿಸಿ ಜ್ಯಾಕ್ ಪಿಯರ್ಸ್ ಹೆಸರು ಹೇಳುತ್ತಿದ್ದೆ. ಗ್ರೀಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಮೇಕಪ್ ಕಲಾವಿದ. ಫ್ರಾಂಕನ್‌ಸ್ಟೈನ್ ಅಂದರೆ ಹೆಣಗಳ ಭಾಗ ಜೋಡಿಸಿ ಜೀವ ಕೊಟ್ಟ ಜೀವಿಯ ಕಥೆ, ಮೂಲ ಕಾದಂಬರಿ ಬಂದದ್ದು 1818ರಲ್ಲಿ. ಆದರೆ ಚಪ್ಪಟೆ ತಲೆ, ಭಾರದ ರೆಪ್ಪೆ, ಕುತ್ತಿಗೆಯ ಎರಡೂ ಕಡೆ ಲೋಹದ ತುಂಡು ಇರುವ ಮುಖ ಆ ಪುಸ್ತಕದಲ್ಲಿಲ್ಲ. ಮೆದುಳು ಒಳಗಿಡಬೇಕಾದರೆ ಸರ್ಜನ್ ತಲೆಯ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕತ್ತರಿಸಿ ಮತ್ತೆ ಕೂರಿಸುತ್ತಾನೆ, ಆದ್ದರಿಂದ ತಲೆ ಚಪ್ಪಟೆ ಅಂತ ಯೋಚಿಸಿದ್ದು ಪಿಯರ್ಸ್. ಆಗ ಅವರು ಬಳಸಿದ್ದು ರಬ್ಬರ್ ಮುಖವಾಡ ಅಲ್ಲ. ಹತ್ತಿ, ಕೊಲೋಡಿಯನ್ ಅನ್ನುವ ಅಂಟುದ್ರವ, ಮೇಣ. ದಿನಾ ಬೆಳಗ್ಗೆ ಗಂಟೆಗಟ್ಟಲೆ ಕೂತು, ಆ ಪಾತ್ರ ಮಾಡಿದ ನಟ ಬೋರಿಸ್ ಕಾರ್ಲಾಫ್‌ರ ಮುಖದ ಮೇಲೆ ಕಟ್ಟುತ್ತಿದ್ದರು. ಕೆನ್ನೆ ಒಳಗೆ ಹೋಗಲಿ ಅಂತ ಕಾರ್ಲಾಫ್ ತಮ್ಮ ಕಟ್ಟಿಸಿದ ಹಲ್ಲನ್ನು ತೆಗೆದಿಡುತ್ತಿದ್ದರು. ಹತ್ತು ವರ್ಷದ ಮೇಲೆ ನಟ ಲಾನ್ ಚೇನಿ ಜೂನಿಯರ್‌ರನ್ನು ತೋಳ ಮಾಡಲು ಪಿಯರ್ಸ್ ಯಾಕ್ ಪ್ರಾಣಿಯ ಕೂದಲನ್ನು ಅಂಟಿಸಿದರು. ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಸ್ಟುಡಿಯೋ 1940ರ ದಶಕದಲ್ಲಿ ಕೈಬಿಟ್ಟಿತು.

ಈ ಮುಖಗಳು ಮಕ್ಕಳ ಕೈಗೆ ಬಂದದ್ದು ಟಿವಿಯಿಂದ. 1957ರಲ್ಲಿ ಯೂನಿವರ್ಸಲ್‌ನ 52 ಹಳೆಯ ಸಿನಿಮಾಗಳ ಕಟ್ಟೊಂದು ಅಮೆರಿಕದ ಟಿವಿ ಸ್ಟೇಷನ್‌ಗಳಿಗೆ ಮಾರಾಟವಾಯಿತು. ಅಪ್ಪ ಅಮ್ಮ ಥಿಯೇಟರಿನಲ್ಲಿ ನೋಡಿದ್ದನ್ನು ಮಕ್ಕಳು ಮನೆಯಲ್ಲಿ ರಾತ್ರಿ ಕೂತು ನೋಡಿದರು. ಮರುವರ್ಷವೇ ಇಂಥ ಸಿನಿಮಾಗಳದ್ದೇ ಒಂದು ಪತ್ರಿಕೆ ಶುರುವಾಯಿತು. ಅದರ ಹಿಂದಿನ ಪುಟಗಳಲ್ಲಿ ಮುಖವಾಡಗಳ ಜಾಹೀರಾತು ಬರುತ್ತಿತ್ತು. ಡಾನ್ ಪೋಸ್ಟ್ ಸ್ಟುಡಿಯೋಸ್ ಅನ್ನುವ ಕಂಪನಿ ಮಾಡಿದವು. ಬೆಲೆ ಮಕ್ಕಳ ಕೈಗೆ ಎಟುಕುತ್ತಿರಲಿಲ್ಲ. ಅವುಗಳನ್ನು ನೋಡುತ್ತಾ ಬೆಳೆದವರೇ ದೊಡ್ಡವರಾದ ಮೇಲೆ ಹುಡುಕಿ ಹುಡುಕಿ ಕೊಂಡರು. ಅವರಿಂದಲೇ ಇವು ಉಳಿದವು.

ಡಾನ್ ಪೋಸ್ಟ್‌ನವರ 1960ರ ದಶಕದ ನಡುವಿನ ಒಂದು ಸರಣಿಗೆ ಸಂಗ್ರಹಕಾರರು ಕ್ಯಾಲೆಂಡರ್ ಮಾಸ್ಕ್ ಅನ್ನುತ್ತಾರೆ. ಅವುಗಳ ಫೋಟೊ ಹಾಕಿ ಕ್ಯಾಲೆಂಡರ್ ತಂದಿದ್ದರು, ಅದರಿಂದ ಆ ಹೆಸರು. ಅವುಗಳಲ್ಲಿ ಹೆಚ್ಚಿನವನ್ನು ಮಣ್ಣಿನಲ್ಲಿ ಮಾಡಿದ್ದು ಪ್ಯಾಟ್ ನ್ಯೂಮನ್. ಒಂದನ್ನು ಕೈಯಲ್ಲಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡಿ. ಸಿನಿಮಾದಲ್ಲಿ ಮೇಕಪ್ ಹಚ್ಚಿದ ಮುಖ ಅಲುಗಾಡುತ್ತದೆ, ಮಾತಾಡುತ್ತದೆ. ಇಲ್ಲಿ ಶಿಲ್ಪಿ ಅದನ್ನೆಲ್ಲ ಒಂದೇ ಭಾವದಲ್ಲಿ ಹಿಡಿಯಬೇಕು. ತೋಳಮನುಷ್ಯನ ಹುಬ್ಬಿನಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇದೆ. ಅದು ಅಚ್ಚಿನಿಂದ ಬಂದದ್ದಲ್ಲ, ಒಬ್ಬ ಮನುಷ್ಯ ಕೂತು ಯೋಚಿಸಿ ಇಟ್ಟದ್ದು.

1978ರ ‘ಹ್ಯಾಲೋವೀನ್’ ಸಿನಿಮಾದ ಕೊಲೆಗಾರನ ಬಿಳಿ ಮುಖ ಗೊತ್ತಲ್ವಾ? ಅದೂ ಇದೇ ಕಂಪನಿಯದು. ‘ಸ್ಟಾರ್ ಟ್ರೆಕ್’ ಅನ್ನುವ ಟಿವಿ ಸರಣಿಯ ನಾಯಕ ಕ್ಯಾಪ್ಟನ್ ಕರ್ಕ್‌ನ ಮುಖವಾಡವನ್ನು ಎರಡು ಡಾಲರ್‌ಗೂ ಕಡಿಮೆಗೆ ಕೊಂಡು ತಂದು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಸಿಂಪಡಿಸಿದರು. ಬೆಲೆ ಕೇಳಿ ಬೆಲೆ ಕಟ್ಟುವವರಿಗೆ ನಾನು ಈ ಎರಡು ಡಾಲರ್ ಕಥೆಯನ್ನೇ ಹೇಳುವುದು.

ಮೀನುಮನುಷ್ಯನ ಹತ್ತಿರ ನಾನು ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ. ಅವನ ರೂಪವನ್ನು ಬಿಡಿಸಿದ್ದು ಮಿಲಿಸೆಂಟ್ ಪ್ಯಾಟ್ರಿಕ್ ಅನ್ನುವ ಹೆಣ್ಣುಮಗಳು. 1954ರಲ್ಲಿ ಸ್ಟುಡಿಯೋ ಆಕೆಯನ್ನು ಪ್ರಚಾರಕ್ಕೆ ಊರೂರು ಕಳಿಸಿತು. ಮೃಗವನ್ನು ಸೃಷ್ಟಿಸಿದ ಸುಂದರಿ ಅಂತ ಆ ಪ್ರವಾಸಕ್ಕೆ ಹೆಸರಿಡುವುದಿತ್ತು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ ಅದು ಹಿಡಿಸಲಿಲ್ಲ. ಸೃಷ್ಟಿಸಿದ ಅನ್ನುವುದು ಹೋಗಿ ಮೃಗದ ಜೊತೆ ಬಾಳುವ ಸುಂದರಿ ಅಂತಾಯಿತು. ತೆರೆಯ ಮೇಲೆ ಬಂದದ್ದು ವೆಸ್ಟ್‌ಮೋರ್ ಹೆಸರು. ಪ್ರವಾಸ ಮುಗಿಸಿ ಬಂದ ಮೇಲೆ ಆಕೆಗೆ ಅಲ್ಲಿ ಆ ಕೆಲಸ ಮತ್ತೆ ಸಿಗಲಿಲ್ಲ. ಹೆಂಗಸಾಗಿ ನಿಮಗೆ ಯಾಕೆ ಈ ಹುಚ್ಚು ಅಂತ ಕೇಳಿದವರೇ, ಉತ್ತರವಿಲ್ಲ ಅಂದಿದ್ದೆ. ತಗೊಳ್ಳಿ, ಇದೇ ಉತ್ತರ.

ಹಳೆಯ ಮುಖವಾಡಗಳ ಕುತ್ತಿಗೆಯಲ್ಲಿ ಕಂಪನಿಯ ಹೆಸರು, ಹಕ್ಕುಸ್ವಾಮ್ಯದ ಸಾಲು ಇರುತ್ತದೆ. ಮಣ್ಣು ಮುಟ್ಟಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ನಾನು ಪ್ರತಿಯೊಂದರ ಕೆಳಗೆ ಒಂದು ಚೀಟಿ ಇಟ್ಟಿದ್ದೇನೆ. ಮೀನುಮನುಷ್ಯನದ್ದು ಎಲ್ಲಕ್ಕಿಂತ ಉದ್ದ. ರೂಪ: ಮಿಲಿಸೆಂಟ್ ಪ್ಯಾಟ್ರಿಕ್. ತಲೆಯ ಶಿಲ್ಪ: ಕ್ರಿಸ್ ಮ್ಯುಲರ್. ನೆಲದ ಮೇಲೆ ಆ ವೇಷದೊಳಗೆ: ಬೆನ್ ಚಾಪ್‌ಮನ್. ನೀರಿನೊಳಗೆ: ರಿಕೋ ಬ್ರೌನಿಂಗ್. ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ. ಓದದೆ ಫೋಟೊ ತೆಗೆಯಲು ಹೊರಟವರನ್ನು ತಡೆದು ಓದಿಸುತ್ತೇನೆ, ಕಾಫಿ ಆರಿದರೂ ಪರವಾಗಿಲ್ಲ.