ನ್ಯಾಷನಲ್ ಪಾರ್ಕ್ ಕ್ಯಾಂಪಿಂಗ್‌ಗೆ ಟ್ರೇಲರ್: ಆರಿಸುವ ಮೊದಲು ಇಷ್ಟು ನೋಡಿ

ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಿಗೆ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟುವ ಚಕ್ರದ ಮೇಲಿನ ಪುಟ್ಟ ಮನೆ, ಎಳೆದುಕೊಂಡು ಹೋಗುವ ಯೋಚನೆ ಇದ್ದರೆ, ಟ್ರೇಲರ್ ಮಾರುವವರ ಹತ್ತಿರ ಮೊದಲೇ ಹೋಗಬೇಡಿ. ಒಳಗೆ ಕಾಲಿಟ್ಟರೆ ಸೋಫಾ, ದೊಡ್ಡ ಫ್ರಿಜ್, ಟಿವಿ ನೋಡಿ ಮನಸ್ಸು ಕರಗಿಬಿಡುತ್ತದೆ. ಮೊದಲು ನೀವು ಹೋಗಲಿರುವ ಪಾರ್ಕಿನ ರಸ್ತೆ ನಿಯಮ ಓದಿ. ಆಮೇಲೆ ನಿಮ್ಮ ಗಾಡಿಯ ಡ್ರೈವರ್ ಬಾಗಿಲು ತೆರೆದು, ಗಾಡಿ ಎಷ್ಟು ತೂಕ ಹೊರಬಹುದು ಎಂದು ಅಲ್ಲಿ ಅಂಟಿಸಿರುವ ಚೀಟಿ ಓದಿ. ಈ ಎರಡು ಜರಡಿಯಲ್ಲಿ ಸೋಸಿದ ಮೇಲೆ ಉಳಿಯುವ ಟ್ರೇಲರ್‌ಗಳು ಜಾಸ್ತಿ ಇರುವುದಿಲ್ಲ. ಆಗ ಆರಿಸುವುದು ಸುಲಭ.

ನಾವು ಹೋದದ್ದು ಸಾಲ್ಟ್ ಲೇಕ್ ಸಿಟಿಯಿಂದ ಉತ್ತರಕ್ಕೆ. ಗ್ರ್ಯಾಂಡ್ ಟೀಟನ್, ಯೆಲ್ಲೊಸ್ಟೋನ್, ಕೊನೆಗೆ ಮೊಂಟಾನಾದ ಗ್ಲೇಸಿಯರ್. ನಾವಿಬ್ಬರು, ಇಬ್ಬರು ಮಕ್ಕಳು, ಊರಿಂದ ಬಂದಿದ್ದ ಅಮ್ಮ. ಪಿಕಪ್ ನಮ್ಮದೇ, ಟ್ರೇಲರ್ ಮಾತ್ರ ಬಾಡಿಗೆಯದು. ಒಂದು ದೊಡ್ಡ ಪ್ರವಾಸವನ್ನು ಬಾಡಿಗೆ ಟ್ರೇಲರ್‌ನಲ್ಲಿ ಮಾಡದೆ ಯಾರೂ ಸ್ವಂತದ್ದು ಕೊಳ್ಳಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಇನ್ನೊಂದು ವಿಷಯ: ಬಾಡಿಗೆ ಕಾರು ಕಂಪನಿಗಳಲ್ಲಿ ಹೆಚ್ಚಿನವು ತಮ್ಮ ಗಾಡಿಯಲ್ಲಿ ಟ್ರೇಲರ್ ಎಳೆಯಲು ಬಿಡುವುದಿಲ್ಲ. ಎಳೆಯುವ ಗಾಡಿ ನಿಮ್ಮದಲ್ಲದಿದ್ದರೆ ಅದನ್ನು ಮೊದಲೇ ಕೇಳಿಕೊಳ್ಳಿ.

ಮನೆಯೂ ಇಂಜಿನ್ನೂ ಒಂದರಲ್ಲೇ ಇರುವ ಮೋಟರ್‌ಹೋಮ್ ಬಿಟ್ಟು ಟ್ರೇಲರ್ ಯಾಕೆ? ಕ್ಯಾಂಪ್‌ನಲ್ಲಿ ಬಿಚ್ಚಿಟ್ಟು ಪಿಕಪ್ ಮಾತ್ರ ತೆಗೆದುಕೊಂಡು ಸುತ್ತಬಹುದು, ಅದಕ್ಕೆ. ಗ್ಲೇಸಿಯರ್‌ನ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಅವಲಾಂಚ್ ಕ್ಯಾಂಪ್‌ಗ್ರೌಂಡ್ ದಾಟಿದ ಮೇಲೆ ಬಂಪರ್‌ಗಳೂ ಸೇರಿ 21 ಅಡಿಗಿಂತ ಉದ್ದದ, ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಟ್ರೇಲರ್ ಕಟ್ಟಿಕೊಂಡು ಆ ರಸ್ತೆಯ ತುದಿಯ ಲೋಗನ್ ಪಾಸ್ ಕಣಿವೆದಾರಿ ಹತ್ತುವ ಮಾತೇ ಇಲ್ಲ. ನಮ್ಮದು ಆಪ್‌ಗಾರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಂತಿತ್ತು, ನಾವು ಬೆಳಿಗ್ಗೆ ಬೇಗ ಎದ್ದು ಮೇಲೆ ಹೋದೆವು. ಪಿಕಪ್ ಇರುವವರು ಇಲ್ಲಿ ಸ್ವಲ್ಪ ಗಮನಿಸಿ. ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕುವ ಎಂಟು ಅಡಿಯ ತೆರೆದ ಬೆಡ್ ಇರುವ ಭಾರಿ ಪಿಕಪ್ ಒಂಟಿಯಾಗಿಯೇ 21 ಅಡಿ ದಾಟುತ್ತದೆ. ಟ್ರೇಲರ್‌ಗಾಗಿ ಹಾಕಿಸಿದ ಅಗಲದ ಕನ್ನಡಿಗಳನ್ನು ಒಳಕ್ಕೆ ಎಳೆದುಕೊಳ್ಳದಿದ್ದರೆ 8 ಅಡಿಯೂ ಮೀರುತ್ತದೆ. ದೊಡ್ಡ ಟ್ರೇಲರ್ ಬೇಕು ಅಂತ ದೊಡ್ಡ ಪಿಕಪ್ ಕೊಂಡು, ಆ ಪಿಕಪ್‌ನಿಂದಾಗಿಯೇ ಇಂಥ ರಸ್ತೆ ಕೈತಪ್ಪಿದರೆ ಏನು ಬಂತು?

ಇಂಥ ನಿಯಮ ಗ್ಲೇಸಿಯರ್‌ಗೆ ಮಾತ್ರ ಅಲ್ಲ. ಟೀಟನ್‌ನ ಮೂಸ್-ವಿಲ್ಸನ್ ರಸ್ತೆಗೆ ಟ್ರೇಲರ್ ಬಿಡುವುದಿಲ್ಲ. ಸಿಕೋಯಾದಲ್ಲಿ ಪಾಟ್ವಿಷಾದಿಂದ ಜೈಂಟ್ ಫಾರೆಸ್ಟ್‌ವರೆಗಿನ ಜನರಲ್ಸ್ ಹೆದ್ದಾರಿಗೆ 22 ಅಡಿಗಿಂತ ಉದ್ದದ ವಾಹನ ತರಬೇಡಿ ಅನ್ನುತ್ತಾರೆ. ಟೆಕ್ಸಸ್‌ನ ಬಿಗ್ ಬೆಂಡ್‌ನಲ್ಲಿ ಚಿಸೋಸ್ ಬೇಸಿನ್ ರಸ್ತೆಗೆ 20 ಅಡಿ ಮೀರಿದ ಟ್ರೇಲರ್ ಬೇಡ ಎಂಬ ಸಲಹೆ ಇದೆ. ಝಯಾನ್‌ನಲ್ಲಿ 1930ರಲ್ಲಿ ಮುಗಿದ ಸುರಂಗವಿದೆ, ಉದ್ದ 1.1 ಮೈಲಿ. ಈಗಿನ ದೊಡ್ಡ ಗಾಡಿಗಳು ಅದರ ತಿರುವಿನಲ್ಲಿ ತಮ್ಮ ಲೇನ್‌ನೊಳಗೆ ಇರಲಾರವು. ಬಹಳ ವರ್ಷ ಎದುರಿನ ಸಂಚಾರ ನಿಲ್ಲಿಸಿ ಶುಲ್ಕ ತೆಗೆದುಕೊಂಡು ಬಿಡುತ್ತಿದ್ದರು. 2026ರ ಬೇಸಿಗೆಯಿಂದ ಅಂಥವನ್ನು ಬೇರೆ ದಾರಿಗೆ ಕಳಿಸುವುದಾಗಿ ಪಾರ್ಕ್ ಪ್ರಕಟಿಸಿದೆ. ಹೋಗುವ ವಾರ ಪಾರ್ಕಿನ ಪುಟ ಇನ್ನೊಮ್ಮೆ ನೋಡಿ.

ಕ್ಯಾಂಪ್‌ಸೈಟ್‌ಗಳ ಕಥೆಯೂ ಹೀಗೇ. 1930ರ ಆಸುಪಾಸಿನಲ್ಲಿ ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು, ಜನ ಬೇಕಾದಲ್ಲಿ ಕಾರು ನಿಲ್ಲಿಸಿ ಮರದ ಬೇರಿನ ಮೇಲಿನ ಮಣ್ಣನ್ನು ಗಟ್ಟಿ ಮಾಡುತ್ತಿದ್ದಾರೆ ಎಂದು ಗಮನಿಸಿದರು. ಒಂದೇ ದಿಕ್ಕಿನ ಸುತ್ತು ರಸ್ತೆ, ಅದರ ಬದಿಗೆ ಒಂದೊಂದು ಕಾರಿಗೆ ಒಂದೊಂದು ಗೂಡು ಎಂಬ ವಿನ್ಯಾಸ ಅವರದು. ಇವತ್ತಿಗೂ ಎಷ್ಟೋ ಪಾರ್ಕ್‌ಗಳಲ್ಲಿ ನಾವು ಹಿಮ್ಮುಖವಾಗಿ ಟ್ರೇಲರ್ ತೂರಿಸುವುದು ಆ ಕಾಲದ ಕಾರಿನ ಅಳತೆಯ ಗೂಡಿಗೇ. ಬದಿಯಲ್ಲಿ ಮರ, ಬಂಡೆ. ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಲ್ಲಿ ಟ್ರೇಲರ್‌ಗೆ 24 ಅಡಿ ಮಿತಿ. ಗ್ರ್ಯಾಂಡ್ ಕ್ಯಾನ್ಯನ್‌ನ ಮೇದರ್‌ನಲ್ಲಿ 30 ಅಡಿ. ಅದಕ್ಕಿಂತ ದೊಡ್ಡದಿದ್ದರೆ ಪಕ್ಕದ ಟ್ರೇಲರ್ ವಿಲೇಜ್‌ಗೆ ಹೋಗಬೇಕು. ಅಲ್ಲಿ ಸೌಕರ್ಯ ಇದೆ, ಬೆಲೆಯೂ ಜಾಸ್ತಿ.

ನನ್ನ ಲೆಕ್ಕದಲ್ಲಿ ಒಟ್ಟು ಉದ್ದ 20ರಿಂದ 24 ಅಡಿ ಇದ್ದರೆ ನ್ಯಾಷನಲ್ ಪಾರ್ಕ್‌ಗೆ ಸರಿ. 'ಒಟ್ಟು' ಅಂದದ್ದು ಸುಮ್ನೆ ಅಲ್ಲ. ಮಾದರಿಯ ಹೆಸರಿನಲ್ಲಿರುವ ಸಂಖ್ಯೆ ಎಷ್ಟೋ ಸಲ ಒಳಗಿನ ಪೆಟ್ಟಿಗೆಯ ಉದ್ದವನ್ನಷ್ಟೇ ಹೇಳುತ್ತದೆ. ಮುಂದಿನ ಕಬ್ಬಿಣದ ಮೂಗು, ಹಿಂದಿನ ಬಂಪರ್ ಸೇರಿದರೆ ಮೂರು ನಾಲ್ಕು ಅಡಿ ಹೆಚ್ಚು. ಟೇಪ್ ಹಿಡಿದು ನೀವೇ ಅಳೆಯಿರಿ. ಅಗಲದಲ್ಲೂ ವ್ಯತ್ಯಾಸ ಇದೆ: ಸಾಮಾನ್ಯ ಟ್ರೇಲರ್ ಎಂಟಡಿ ಅಥವಾ ಇನ್ನೂ ಸ್ವಲ್ಪ ಹೆಚ್ಚು ಅಗಲ, ವಿನ್ನೆಬೇಗೊ ಮೈಕ್ರೋ ಮಿನ್ನಿಯಂಥವು ಏಳಡಿ. ಆ ಒಂದಡಿಯ ಬೆಲೆ ಗೊತ್ತಾಗುವುದು ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬಸ್ ಬಂದಾಗ.

ಈಗ ತೂಕ. ಎಲ್ಲರೂ ಎಡವುವುದು ಇಲ್ಲೇ. 'ನಿಮ್ಮ ಗಾಡಿ 5,000 ಪೌಂಡ್ ಎಳೆಯುತ್ತೆ, ಈ ಟ್ರೇಲರ್ ಬರೀ 4,000, ಧಾರಾಳವಾಗಿ ಆಗುತ್ತೆ' ಅಂತ ಒಬ್ಬ ಮಾರಾಟಗಾರ ನಮಗೂ ಹೇಳಿದ. ಆ 4,000 ಖಾಲಿ ಟ್ರೇಲರ್‌ನ ತೂಕ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ತುಂಬಿಸಿದರೆ 330 ದಾಟಿತು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ, ಹಾಸಿಗೆ, ಅಕ್ಕಿ ಬೇಳೆ, ಮಕ್ಕಳ ಸೈಕಲ್. ನೋಡನೋಡುತ್ತ 4,800. ಆದ್ದರಿಂದ ಖಾಲಿ ತೂಕ ಬಿಟ್ಟುಬಿಡಿ. ತುಂಬಿದ ಟ್ರೇಲರ್ ಗರಿಷ್ಠ ಎಷ್ಟಿರಬಹುದು ಎಂದು ಹೇಳುವ ಜಿವಿಡಬ್ಲ್ಯುಆರ್ ಸಂಖ್ಯೆ ಹಿಡಿದೇ ಲೆಕ್ಕ ಹಾಕಿ.

ಅಷ್ಟಕ್ಕೇ ಮುಗಿಯಲಿಲ್ಲ. ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಗಾಡಿಗೂ ಟ್ರೇಲರ್‌ಗೂ ನಡುವಿನ ಕೊಂಡಿಯ ಮೇಲೆ, ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸಲು, ಅಂದರೆ ಎಡಬಲ ತೊನೆಯಲು, ಶುರು ಮಾಡುತ್ತದೆ. ಆದರೆ ಹಿಚ್ ಮೇಲೆ ಕೂತ ತೂಕವನ್ನು ಹೊರುವುದು ನಿಮ್ಮ ಗಾಡಿ. ಬಾಗಿಲಿನ ಚೀಟಿಯಲ್ಲಿ 'ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು' ಅಂತ ಇರುತ್ತದಲ್ಲ, ಅದು 1,400 ಅಂತಿಟ್ಟುಕೊಳ್ಳಿ. 5,000 ಪೌಂಡ್ ಟ್ರೇಲರ್‌ನ ಶೇ 13 ಅಂದರೆ 650. ಐದು ಜನ 700. ಉಳಿದದ್ದು 50 ಪೌಂಡ್. ಹಿಚ್ ಎಂಬ ಕಬ್ಬಿಣದ ಸ್ವಂತ ತೂಕಕ್ಕೂ ಸಾಲದು. ಎಳೆಯುವ ಶಕ್ತಿ ಇದೆ, ಹೊರುವ ಶಕ್ತಿ ಇಲ್ಲ. ನಮ್ಮವರಲ್ಲಿ ಬಹಳ ಮನೆಗಳಲ್ಲಿ ಇರುವ ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನ್‌ಗಳ ಮಿತಿ 3,500 ಪೌಂಡ್. ಅದಕ್ಕೆ ಟಿಯರ್‌ಡ್ರಾಪ್, ಆಲೈನರ್‌ನಂಥ ಮಡಚುವ ಟ್ರೇಲರ್, ಇಲ್ಲವೇ ಸ್ಕ್ಯಾಂಪ್‌ನಂಥ ಫೈಬರ್‌ಗ್ಲಾಸ್ ಪುಟಾಣಿಗಳು. ಪೂರ್ತಿ ಕುಟುಂಬ ಮಲಗುವ ಬಂಕ್ ಟ್ರೇಲರ್ ಬೇಕಿದ್ದರೆ ಪಿಕಪ್ ಅಥವಾ ದೊಡ್ಡ ಎಸ್‌ಯುವಿ ಬೇಕೇ ಬೇಕು.

ಬೆಟ್ಟದ ಲೆಕ್ಕವೂ ಇದೆ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಯೆಲ್ಲೊಸ್ಟೋನ್ ಸರೋವರವೇ 7,700 ಅಡಿ ಮೇಲಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್, ಗಾಡಿಯಲ್ಲಿ ಅದನ್ನು ನಡೆಸುವ ಬ್ರೇಕ್ ಕಂಟ್ರೋಲರ್ ಎರಡೂ ಇರಲೇಬೇಕು. ಸಾಲ್ಟ್ ಲೇಕ್‌ನಿಂದ ಗ್ರ್ಯಾಂಡ್ ಟೀಟನ್ ಪಕ್ಕದ ಜಾಕ್ಸನ್ ಊರಿಗೆ ಹೋಗುವಾಗ ಫೋನಿನ ನಕ್ಷೆ ಟೀಟನ್ ಪಾಸ್ ಮೇಲೆ ಕಳಿಸಲು ನೋಡಿತು. ಆ ಇಳಿಜಾರು ಶೇ 10. ಯಾಕೆ ಬೇಕು? ಆಲ್ಪೈನ್ ಊರಿನ ಮೇಲೆ ಸ್ನೇಕ್ ನದಿ ಪಕ್ಕದಲ್ಲೇ ಹೋಗುವ ದಾರಿ ನೆಮ್ಮದಿಯದು, ಚಂದವೂ ಹೌದು.

ಗ್ಲೇಸಿಯರ್‌ನ ಪೂರ್ವಕ್ಕಿರುವ ಬ್ರೌನಿಂಗ್ ಹತ್ತಿರದ ಬಯಲಿನಲ್ಲಿ ಗಾಳಿ ಅಂದರೆ ಏನು ಅಂತ ತಿಳಿಯಿತು. ಅಡ್ಡ ಗಾಳಿಗೆ ಟ್ರೇಲರ್‌ನ ಗೋಡೆ ಒಂದು ಪಟ. ನಮ್ಮಲ್ಲಿ ತೂಕವನ್ನು ಗಾಡಿಯ ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಮತ್ತು ತೊನೆತ ತಡೆಯುವ ಸ್ವೇ ಕಂಟ್ರೋಲ್ ಇದ್ದದ್ದರಿಂದ ಸ್ಟಿಯರಿಂಗ್ ಬಿಗಿ ಹಿಡಿದು 55 ಮೈಲಿ ವೇಗದಲ್ಲಿ ಹೋದೆವು. ಬಾಡಿಗೆಯವರು ಈ ಹಿಚ್ ಕೊಡದಿದ್ದರೆ ಬೇರೆಯವರನ್ನು ನೋಡಿ. ಬಾಲ ಆಡತೊಡಗಿದರೆ ಕಾರಿನ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಡಿ, ಕಂಟ್ರೋಲರ್‌ನ ಕೈ ಲಿವರ್‌ನಿಂದ ಟ್ರೇಲರ್‌ನ ಬ್ರೇಕ್ ಮಾತ್ರ ಹಿಡಿಯಿರಿ. ಗ್ಲೇಸಿಯರ್‌ನ ಪೂರ್ವದಿಂದ ಪಶ್ಚಿಮಕ್ಕೆ ಟ್ರೇಲರ್ ಹೋಗಬೇಕಾದದ್ದು ದಕ್ಷಿಣ ಸುತ್ತಿ, 5,213 ಅಡಿಯ ಮರೈಯಸ್ ಪಾಸ್ ಮೇಲಿನ ಯುಎಸ್ 2 ಹೆದ್ದಾರಿಯಲ್ಲಿ.

ಇನ್ನು ಕರೆಂಟು, ನೀರು. ಹೆಚ್ಚಿನ ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗಳಲ್ಲಿ ಹುಕಪ್, ಅಂದರೆ ಟ್ರೇಲರ್‌ಗೆ ಕರೆಂಟು, ನೀರು ಜೋಡಿಸುವ ವ್ಯವಸ್ಥೆ, ಇಲ್ಲ. ಯೊಸೆಮಿಟಿಯಲ್ಲಿ ಒಂದು ಕ್ಯಾಂಪ್‌ನಲ್ಲೂ ಇಲ್ಲ. ಗ್ಲೇಸಿಯರ್‌ನಲ್ಲೂ ಇಲ್ಲ. ಯೆಲ್ಲೊಸ್ಟೋನ್‌ನಲ್ಲಿ ಕರೆಂಟು, ನೀರು, ಒಳಚರಂಡಿ ಮೂರೂ ಸಿಗುವುದು ಫಿಷಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲಿ. ಅಲ್ಲಿ ಕರಡಿಗಳ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಟ್ರೇಲರ್ ಮಾತ್ರ ಬಿಡುತ್ತಾರೆ. ಬಟ್ಟೆ ಗೋಡೆಯ ಪಾಪ್‌ಅಪ್‌ಗೆ ಜಾಗವಿಲ್ಲ. ಪಾಪ್‌ಅಪ್ ಹಗುರ, ಅಗ್ಗ ಅಂತ ಆಸೆಪಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಹುಕಪ್ ಇಲ್ಲದ ಕಡೆ ಎಸಿ ಕೆಲಸಕ್ಕೆ ಬಾರದು, ಬ್ಯಾಟರಿಯೇ ಎಲ್ಲ. ಜುಲೈನಲ್ಲೂ ಆ ಎತ್ತರದಲ್ಲಿ ರಾತ್ರಿ ನಡುಗುವ ಚಳಿ. ಹೀಟರ್ ಉರಿಯುವುದು ಪ್ರೊಪೇನ್‌ನಲ್ಲಿ, ಆದರೆ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ. ಟ್ರೇಲರ್ ಜೊತೆ ಬರುವ ಹಳೆಯ ಬಗೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಬಹುದು. ಲಿಥಿಯಂ ಇದ್ದರೆ ಬಹುಪಾಲು ಬಳಸಬಹುದು. ಸೋಲಾರ್ ಇದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆಪ್‌ಗಾರ್‌ನ ದಟ್ಟ ಮರಗಳ ನೆರಳಲ್ಲಿ ಚಾವಣಿ ಮೇಲಿನ ಫಲಕ ಬಿಸಿಲನ್ನೇ ಕಾಣಲಿಲ್ಲ. ಕೇಬಲ್ ಹಾಕಿ ಬಿಸಿಲಿಗೆ ಎಳೆದೊಯ್ಯುವ ಮಡಚುವ ಫಲಕ ಎಷ್ಟೋ ವಾಸಿ. ಜನರೇಟರ್‌ಗೆ ಹೊತ್ತು ಗೊತ್ತು ಇದೆ: ಯೊಸೆಮಿಟಿಯಲ್ಲಿ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ.

ನೀರಿನ ಟ್ಯಾಂಕ್ ದೊಡ್ಡದಿದ್ದರೆ ಸಾಕು ಅಂದುಕೊಳ್ಳಬೇಡಿ. ಮೊದಲು ತುಂಬುವುದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುವ ಗ್ರೇ ಟ್ಯಾಂಕ್. ಅದು ತುಂಬಿದರೆ ಸಿಂಕ್ ಮುಗಿಯಿತು. ಟ್ರೇಲರ್ ಆರಿಸುವಾಗ ಶುದ್ಧ ನೀರಿನ ಟ್ಯಾಂಕಿನಷ್ಟಾದರೂ ಗ್ರೇ ಟ್ಯಾಂಕ್ ಇದೆಯೇ ನೋಡಿ. ಪಾತ್ರೆಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಒಗ್ಗರಣೆ ಹಾಕುವುದಿದ್ದರೆ ಹೊರಗಿನ ಸ್ಟವ್‌ನಲ್ಲಿ ಹಾಕಿ. ಒಳಗೆ ಸಾಸಿವೆ ಸಿಡಿಯುವಷ್ಟರಲ್ಲಿ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ. ಮುಗಿದ ತಕ್ಷಣ ಸ್ಟವ್, ಎಣ್ಣೆ ಡಬ್ಬಿ, ಕಸ ಎಲ್ಲ ಒಳಗೆ ಇಟ್ಟು ಕಿಟಕಿ ಬಾಗಿಲು ಹಾಕಬೇಕು. ಹೊರಗೆ ಮರೆತುಬಿಟ್ಟರೆ ದಂಡ ಬೀಳಬಹುದು, ಕರಡಿಗೂ ಒಳ್ಳೆಯದಲ್ಲ.

ಒಳಗಿನ ಜೋಡಣೆ ಬಗ್ಗೆ ನನಗೆ ಎರಡೇ ಮಾತು. ದೊಡ್ಡವರು ಜೊತೆಗಿದ್ದರೆ ಮೂರು ಕಡೆ ಗೋಡೆ ಇರುವ ಮೂಲೆ ಮಂಚ ಬೇಡ. ರಾತ್ರಿ ಎದ್ದರೆ ಪಕ್ಕದವರನ್ನು ದಾಟಬೇಕು. ಅಮ್ಮನಿಗೆ ಕೊನೆಗೆ ಊಟದ ಮೇಜು ಮಡಚಿ ಮಾಡಿದ ಹಾಸಿಗೆಯೇ ಅನುಕೂಲವಾಯಿತು, ಬಾತ್‌ರೂಮ್ ಎರಡು ಹೆಜ್ಜೆ. ಎರಡನೆಯದು, ಗೋಡೆ ಹೊರಕ್ಕೆ ಜಾರುವ ಸ್ಲೈಡ್‌ಔಟ್ ಇದ್ದರೆ ಅದನ್ನು ಮುಚ್ಚಿದಾಗಲೂ ಫ್ರಿಜ್, ಟಾಯ್ಲೆಟ್ ಕೈಗೆ ಸಿಗುತ್ತವೆಯೇ ಪರೀಕ್ಷಿಸಿ. ದಾರಿ ಬದಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಅದು ಬೇಕಾಗುತ್ತದೆ.

ಜಾಗ ಕಾದಿರಿಸುವುದು ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಬಹಳ ಪಾರ್ಕ್‌ಗಳಲ್ಲಿ ಆರು ತಿಂಗಳು ಮೊದಲು ತೆರೆಯುತ್ತದೆ. ಯೆಲ್ಲೊಸ್ಟೋನ್‌ನ ಫಿಷಿಂಗ್ ಬ್ರಿಡ್ಜ್‌ಗೆ ಅಲ್ಲಿನ ಲಾಡ್ಜ್ ನಡೆಸುವವರ ಬಳಿಯೇ ಬುಕ್ ಮಾಡಬೇಕು. ಫಾರ್ಮ್‌ನಲ್ಲಿ ಟ್ರೇಲರ್‌ನ ನಿಜವಾದ ಉದ್ದ ಹಾಕಿ. ಎರಡಡಿ ಕಡಿಮೆ ಹೇಳಿ ಜಾಗ ಹಿಡಿದವರು ಸಂಜೆ ಹೊತ್ತಲ್ಲಿ ಸುತ್ತು ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡು, ಹಿಂದೆ ಹತ್ತು ಗಾಡಿ ನಿಂತದ್ದನ್ನು ನೋಡಿದ್ದೇವೆ.

ಬಾಡಿಗೆಗಾಗಲಿ, ಸೆಕೆಂಡ್ ಹ್ಯಾಂಡ್ ಕೊಳ್ಳಲಾಗಲಿ, ಟೈರ್ ನೋಡದೆ ಹೊರಡಬೇಡಿ. ಟೈರ್ ಮೇಲಿನ ಟ್ರೆಡ್‌ನ ಗೀರು ಸವೆಯದೆ ಚೆನ್ನಾಗಿಯೇ ಇರಬಹುದು, ರಬ್ಬರ್ ಮಾತ್ರ ಹಳೆಯದಾಗಿರುತ್ತದೆ. ಟೈರ್ ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3221 ಅಂದರೆ 2021ರ 32ನೇ ವಾರ ತಯಾರಾದದ್ದು. ಐದಾರು ವರ್ಷ ಮೀರಿದ್ದರೆ ಬದಲಾಯಿಸಿ ಕೊಡಿ ಅನ್ನಿ. ಟ್ರೇಲರ್ ಟೈರ್‌ಗಳಲ್ಲಿ ಎಷ್ಟೋ 65 ಮೈಲಿ ವೇಗಕ್ಕೆ ಮಾತ್ರ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಸ್ಪೇರ್ ಟೈರ್‌ನ ಗಾಳಿಯನ್ನೂ ಅಳೆದು ನೋಡಿ, ಅದನ್ನು ಬಿಚ್ಚುವ ಪಾನಾ ನಿಮ್ಮ ಗಾಡಿಯದ್ದಕ್ಕಿಂತ ಬೇರೆ ಅಳತೆಯದಿರಬಹುದು.